ಉಂಡಿದ್ದ ಅಂತ ಹೇಳು

ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದೆ. ಧೂಳು ಮೂಗಿಗೆ ಏರಿ ಒಮ್ಮೆ ಜೋರಾಗಿ ಸೀನಿದೆ. ಕಣ್ಣು ಒರೆಸಿಕೊಂಡು ನೋಡಿದರೆ ಹೊಸ್ತಿಲಾಚೆ ಗುರುಪಾದನ ಹೆಂಡತಿ ಕಾಶವ್ವ ನಿಂತಿದ್ದಳು. ಕೈಯಲ್ಲಿ ಸ್ಟೀಲಿನ ಡಬ್ಬಿ, ಡಬ್ಬಿಯ ಮೇಲೆ ಸೆರಗು. ನಮ್ಮ ಊರಿನಲ್ಲಿ ಹೆಂಗಸು ಡಬ್ಬಿಗೆ ಸೆರಗು ಹೊದಿಸಿಕೊಂಡು ಬಂದರೆ ಒಳಗೇನಿದೆ ಎಂದು ಯಾರೂ ಕೇಳುವುದಿಲ್ಲ.

“ಕುಂಡ್ರವಾ,” ಎಂದೆ.

“ಕುಂಡ್ರೂದಿಲ್ಲ ದೊಡ್ಡವ್ವಾ. ಒಂದೀಟು ಹೆಪ್ಪು ಇದ್ರ ಕೊಡು, ಹೊಕ್ಕೀನಿ.”

“ಮೊನ್ನೆ ಒಯ್ದದ್ದು ಏನಾತು?”

“ಬೆಕ್ಕು ಕುಡೀತು.”

“ಅದರ ಹಿಂದಿಂದು?”

“ಅದನ್ನೂ ಬೆಕ್ಕ ಕುಡೀತು.”

“ನೀವು ಬೆಕ್ಕು ಸಾಕೀರಿ ಅಂತ ನನಗ ಗೊತ್ತ ಇದ್ದಿಲ್ಲ ಬಿಡು,” ಎಂದೆ. ಕಾಶವ್ವ ನಗಲು ಹೋಗಿ ಆಗದೆ ಹೊಸ್ತಿಲ ಮೇಲೆಯೇ ಕುಳಿತುಬಿಟ್ಟಳು. ಸೆರಗು ತೆಗೆದು ಡಬ್ಬಿಯ ಮುಚ್ಚಳ ಬಿಚ್ಚಿ ನನ್ನ ಕಡೆ ಸರಿಸಿದಳು. ಒಳಗೆ ಹಾಲು. ಹಿಂದಿನ ದಿನ ಹೆಪ್ಪು ಹಾಕಿದ ಹಾಲು, ಹಾಕುವಾಗ ಹೇಗಿತ್ತೋ ಹಾಗೇ ತೆಳ್ಳಗೆ ಇತ್ತು. ನಾನು ಕೊಟ್ಟ ಹೆಪ್ಪು ತಳದಲ್ಲಿ ಒಂದು ಚೂರು ಸುಣ್ಣದಂತೆ ಕೂತಿತ್ತು.

“ಹತ್ತಿ ಗಿರಣಿಗೆ ಬೆಂಕಿ ಹತ್ತಿತ್ತಲ್ಲ, ಆವತ್ತಿನಿಂದ ಹಿಂಗ ಐತಿ,” ಎಂದಳು. “ಇಷ್ಟು ವರ್ಷ ದ್ಯಾಮವ್ವನ ಅಂಗಡಿ ಮೊಸರು ತಂದು ನನ್ನ ಗಡಿಗಿಗೆ ಸುರಕೊಂಡು ಮಂದಿಗೆ ತೋರಿಸಿಕೋತ ಬಂದೆ. ಬರೇ ಮೊಸರಿಂದಾಗಿದ್ರ ನಿನ್ನ ಹಂತೇಲೆ ಬರ್ತಿದ್ದಿಲ್ಲ ದೊಡ್ಡವ್ವಾ. ನಮ್ಮ ಮನಿಯವರು ಗ್ವಾಡಿ ಕಡೆ ಮಾರಿ ಮಾಡಿ ಉಣ್ತಾರ. ಮಕ್ಕಳು ದೊಡ್ಡವಾಗಿ ಮದುವಿ ಆದ್ರೂ ಅಪ್ಪ ಉಣ್ಣೂದು ಒಬ್ಬರೂ ನೋಡಿಲ್ಲ. ನಿನ್ನೆ ಮೊಮ್ಮಗಳು ತುತ್ತು ಕೇಳಕೋತ ತೊಡಿ ಮ್ಯಾಲ ಏರಾಕ ಹೋತು. ಈ ಮನಶ್ಯಾ ತಾಟು ಬಿಟ್ಟು ಎದ್ದು ಹೋದ್ರು. ಕೂಸು ತಾನೇನೋ ತಪ್ಪು ಮಾಡೀನಂತ ಮೂಲ್ಯಾಗ ಹೋಗಿ ನಿಂತಿತ್ತು.” ಮೂಗು ಒರೆಸಿಕೊಂಡಳು. “ಒಮ್ಮೆ ಅವರು ನಮ್ಮ ಜೋಡಿ ಕುಂತು ಉಣ್ಣಲಿ. ನನಗ ಅಷ್ಟು ಸಾಕು.”

ನಮ್ಮ ಊರಿನ ಹಾಲು ಹೀಗೆಯೇ. ಯುದ್ಧಕ್ಕೆ ಹೋಗಿ ಬಂದವರು, ಬೆಂಕಿಯೊಳಗಿಂದ ನೆರೆಯೊಳಗಿಂದ ಮಂದಿಯನ್ನು ಎತ್ತಿ ತಂದವರು, ಎತ್ತಿ ತರಲಾಗದೆ ಬರಿಗೈಯಲ್ಲಿ ತಿರುಗಿದವರು, ತಾವು ಕಂಡದ್ದನ್ನು ಯಾರಿಗೂ ಹೇಳದೆ ಇಟ್ಟುಕೊಂಡರೆ ಅವರ ಮನೆಯ ಹಾಲು ಹೆಪ್ಪುಗಟ್ಟುವುದಿಲ್ಲ. ಕಾಯಿಸಿದರೆ ಕಾಯುತ್ತದೆ, ಕೆನೆ ಬರುತ್ತದೆ, ಚಹಾಕ್ಕೆ ನಡೆಯುತ್ತದೆ. ಮೊಸರು ಮಾತ್ರ ಆಗುವುದಿಲ್ಲ. ಹಿಂದೊಮ್ಮೆ ದನದ ಡಾಕ್ಟರೊಬ್ಬರು ಎಮ್ಮೆಗಳ ಬಾಯಿ ತೆರೆಸಿ ನೋಡಿ, ಎಲ್ಲಾ ನೀರಿನ ದೋಷ ಎಂದು ಹೇಳಿ ಹೋದರು. ಅದೇ ಎಮ್ಮೆಯ ಹಾಲು ಪಕ್ಕದ ಮನೆಯಲ್ಲಿ ಚಮಚ ನಿಲ್ಲುವಷ್ಟು ಗಟ್ಟಿಯಾಗಿತ್ತು. ಕಾರಣ ಹುಡುಕುವುದನ್ನು ಊರು ಬಿಟ್ಟು ಬಹಳ ಕಾಲವಾಯಿತು. ಮಾಜಿ ಸೈನಿಕರ ಓಣಿಯಲ್ಲಿ ಊಟಕ್ಕೆ ಕರೆದರೆ ಮಜ್ಜಿಗೆ ಕೇಳಬಾರದು ಎಂದು ಮಕ್ಕಳಿಗೆ ಮೊದಲೇ ಹೇಳಿ ಕಳಿಸುತ್ತೇವೆ. ಹೆಣ್ಣು ಕೊಡುವವರು ಗಂಡಿನ ಮನೆಗೆ ಹೋದಾಗ, ಚಹಾ ಬೇಡ, ಮಜ್ಜಿಗೆ ಇದ್ದರೆ ಕೊಡಿ ಎನ್ನುತ್ತಾರೆ. ಗಂಡಿನ ಕಡೆಯವರಿಗೂ ಅದರ ಅರ್ಥ ಗೊತ್ತು. ದ್ಯಾಮವ್ವ ಮೊಸರು ಮಾರಿಯೇ ಮನೆಯ ಮೇಲೆ ಮನೆ ಕಟ್ಟಿಸಿದಳು. ಯಾರ ಮನೆಗೆ ಎಷ್ಟು ಮೊಸರು ಹೋಗುತ್ತದೆಂದು ಇವತ್ತಿನವರೆಗೆ ಒಬ್ಬರ ಮುಂದೆಯೂ ಅಂದವಳಲ್ಲ. ಅಂದಿದ್ದರೆ ಗಿರಾಕಿ ತಪ್ಪುತ್ತಿತ್ತು, ಅದೂ ನಿಜ.

ಕಂಡದ್ದನ್ನು ಹೇಳಿಬಿಟ್ಟರೆ ಹಾಲು ಸರಿಹೋಗುತ್ತದೆ. ಆದರೆ ಅದಕ್ಕೊಂದು ಪದ್ಧತಿ ಇದೆ. ಕೇಳುವವಳು ಹೇಳುವವನ ಮುಖ ನೋಡಬಾರದು, ಕೈಯಲ್ಲಿ ಏನಾದರೂ ಕೆಲಸ ಇಟ್ಟುಕೊಂಡಿರಬೇಕು. ಅಯ್ಯೋ ಪಾಪ ಎನ್ನಬಾರದು. ನಡುವೆ ಬಾಯಿ ಹಾಕಬಾರದು, ಮುಗಿದ ಮೇಲೂ ಏನನ್ನೂ ಕೇಳಬಾರದು. ಕೇಳಿದರೆ ಹೇಳುವವನು ನಮ್ಮ ಮನಸ್ಸಿಗೆ ತಕ್ಕಂತೆ ಹೇಳಲು ಶುರು ಮಾಡುತ್ತಾನೆ ಎಂದು ಹಿರಿಯರ ಮಾತು. ಎರಡು ದಿನ ಬಿಟ್ಟು, ಕೇಳಿದವಳು ಆ ಕಥೆಯನ್ನು ಹೇಳಿದವನ ಎದುರಿಗೇ ತಿರುಗಿ ಒಪ್ಪಿಸಬೇಕು. ಒಂದು ಮಾತು ಹೆಚ್ಚಾಗಬಾರದು, ಒಂದು ಕಡಿಮೆಯಾಗಬಾರದು. ಕರುಳು ಚುರುಕ್ಕೆಂದು ಸತ್ತ ಕೂಸನ್ನು ಕಥೆಯಲ್ಲಿ ಉಳಿಸಿದರೂ ಹಾಲು ಒಪ್ಪುವುದಿಲ್ಲ. ತನ್ನ ಕಥೆಯನ್ನು ಬೇರೆ ಬಾಯಿಂದ ಕೇಳಿ ಅವನು ‘ಹೌದು, ಹಿಂಗ’ ಎಂದರೆ, ಆ ಸಂಜೆ ಹಾಕಿದ ಹೆಪ್ಪು ಬೆಳಗಾಗುವುದರಲ್ಲಿ ಕೂತಿರುತ್ತದೆ.

ನಾನು ಈ ಕೆಲಸಕ್ಕೆ ಬಿದ್ದದ್ದು ನನ್ನ ಅತ್ತೆಯಿಂದ. ನನ್ನ ಗಂಡ ಪಲ್ಟನ್ನಿನಲ್ಲಿ ಅಡುಗೆ ಮಾಡುತ್ತಿದ್ದವನು. ಬೆಟ್ಟದ ಮೇಲಿನ ತುಕಡಿಗೆ ರೊಟ್ಟಿ ಹೊತ್ತು ಹೋಗಿ, ತಿನ್ನುವವರು ಯಾರೂ ಉಳಿದಿಲ್ಲದ್ದನ್ನು ನೋಡಿ ಬಂದಿದ್ದ. ಅವನ ಕಥೆಯನ್ನು ಅವನ ತಾಯಿಯೇ ಕೇಳಿ ಒಪ್ಪಿಸಿದ್ದಳು. ಆಕೆ ತೀರಿಕೊಂಡ ವಾರದಲ್ಲಿ ನಮ್ಮ ಮನೆಯ ಹಾಲು ಮತ್ತೆ ಕೆಟ್ಟಿತು. ಇಟ್ಟುಕೊಂಡವರು ಹೋದರೆ ಕಥೆ ತಿರುಗಿ ಹೇಳಿದವನ ಮೇಲೆಯೇ ಬೀಳುತ್ತದೆ ಎಂದು ಆವತ್ತು ತಿಳಿಯಿತು. ಗಂಡ ಎಲ್ಲವನ್ನೂ ಮತ್ತೆ ಮೊದಲಿನಿಂದ ನನಗೆ ಹೇಳಬೇಕಾಯಿತು. “ಇಳಿಸಿದ ಚೀಲಾ ಮತ್ತ ಹೊರೋದು ಭಾಳ ತ್ರಾಸ ಐತಿ,” ಎಂದಿದ್ದ. ಒಂದೇ ತಲೆಯೊಳಗೆ ಒಂದು ಕಥೆ ಇಡಬಾರದು ಎಂದು ನನಗೆ ಅನ್ನಿಸಿದ್ದು ಆಗಲೇ. ಅಷ್ಟರಲ್ಲಿ ನನ್ನ ತಲೆಯಲ್ಲೂ ಓಣಿಯ ಅರ್ಧ ಮಂದಿಯ ಕಥೆ ಇದ್ದವು, ತಲೆಕೂದಲು ಬೆಳ್ಳಗಾಗಿದ್ದವು.

ಹೂಲಿ ಮಾಸ್ತರರು ಶಾಲೆಯಲ್ಲಿ ರಾತ್ರಿ ಪಾಠ ಹೇಳುತ್ತಾರೆಂದು ತಿಳಿದು ಪಾಟಿ ಹಿಡಿದು ಹೋದೆ. ಅವರಿಗಿಂತ ನಾನೇ ದೊಡ್ಡವಳು. “ಯವ್ವಾ, ಸಹಿ ಕಲತ್ರ ಸಾಕೇನು?” ಎಂದು ಕೇಳಿದರು. “ಸಹಿ ತಗೊಂಡು ಏನ್ ಮಾಡ್ಲಿ? ಮಂದಿ ಆಡಿದ ಮಾತು ಆಡಿದಂಗ ಬರಿಯಾಕ ಕಲಸ್ರಿ,” ಎಂದೆ. ಒತ್ತಕ್ಷರ ನನ್ನನ್ನು ಒಂದು ಮಳೆಗಾಲ ಪೂರ್ತಿ ಅಳಿಸಿದವು. ಮುಂದೆ ಮುದಿ ಸಿಪಾಯಿ ಭರಮಪ್ಪನ ಕಥೆ ಬರೆದೆ. ಬರೆದದ್ದನ್ನು ಹಾಲು ಒಪ್ಪುತ್ತದೆಯೇ ಎಂದು ಊರಿಗೆಲ್ಲ ಅನುಮಾನ. ಮಾಸ್ತರರು ಭರಮಪ್ಪನ ಎದುರಿಗೆ ಕುಳಿತು ಓದಿದರು. ಭರಮಪ್ಪ, “ನಾ ಅಷ್ಟು ಬೈಗಳಾ ಬೈದಿದ್ನೇನು?” ಎಂದು ಕೇಳಿ, “ಹೌದು, ಹಿಂಗ,” ಎಂದ. ಮರುದಿನ ಅವನ ಮನೆಯ ಮೊಸರಿಗೆ ಊರ ಹಿರಿಯರು ಒಬ್ಬೊಬ್ಬರಾಗಿ ಬೆರಳು ಚುಚ್ಚಿ ನೋಡಿ ಹೋದರು. ಅಂದಿನಿಂದ ಹಳೆಯ ಜಕಾತಿ ಕಟ್ಟೆಯ ಕೋಣೆಯಲ್ಲಿ ಎರಡು ಅಲಮಾರಿ ಇಟ್ಟು, ಬರೆದದ್ದನ್ನೆಲ್ಲ ಅಲ್ಲಿ ಜೋಡಿಸುತ್ತ ಬಂದೆವು. ಈಗ ನಮ್ಮಲ್ಲಿ ಕೇಳುವವಳು ಸತ್ತರೆ ಯಾರ ಹಾಲೂ ಕೆಡುವುದಿಲ್ಲ.

ಆ ಸಂಜೆ ಗುರುಪಾದ ಹೆಂಡತಿಯ ಹಿಂದೆ ಕೈಕಟ್ಟಿಕೊಂಡು ಬಂದ. ಅಗ್ನಿಶಾಮಕ ಠಾಣೆಯಿಂದ ನಿವೃತ್ತನಾಗಿದ್ದರೂ ಬಾಗಿಲಲ್ಲಿ ನಿಂತಾಗ ಮೊದಲು ಸೂರು ನೋಡುವ ಚಟ ಹೋಗಿರಲಿಲ್ಲ. ಮುಂಗೈಗಳ ಮೇಲೆ ಒಂದೂ ಕೂದಲಿಲ್ಲ, ಚರ್ಮ ಕುದಿಸಿದ ಗೆಣಸಿನ ಸಿಪ್ಪೆಯಂತೆ.

“ನನ್ನ ಹಂತೇಲೆ ಏನೂ ಇಲ್ಲ ದೊಡ್ಡವ್ವಾ. ಇಕಿ ಸುಮ್ಮ ನಿನ್ನ ಹೊತ್ತು ಹಾಳು ಮಾಡ್ತಾಳ.”

“ಏನೂ ಇಲ್ಲಂದ್ರ ಛಲೋ ಆತು. ಅಲ್ಲೊಂದು ಮೊರ ಐತಿ ನೋಡು, ತಗೊಂಡು ಕುಂಡ್ರು. ನನ್ನ ಕಣ್ಣಿಗೆ ಕಲ್ಲು ಕಾಣವಲ್ವು.”

ಕುಳಿತ. ಹಸನು ಮಾಡಿದ. ಸ್ವಲ್ಪ ಹೊತ್ತಿಗೆ ನಾನು ಅವನ ಮೊರದ ಕಡೆ ನೋಡಿ, “ಕಾಳು ಚೆಲ್ಲಿ ಕಲ್ಲು ಉಳಿಸಾಕತ್ತೀಯಲ್ಲೋ ಯಪ್ಪಾ, ಸರ್ಕಾರದವರು ನಿನಗ ಪಗಾರ ಯಾಕ ಕೊಟ್ರೋ,” ಎಂದೆ. ಅವನಿಗೆ ನಗು ಬಂತು. ನಕ್ಕಮೇಲೆ ಪೈಪು ಒಗೆದು ಒಣಹಾಕುವುದು ಹೇಗೆ, ಗಂಟೆ ಹೊಡೆದಾಗ ಬೂಟು ಯಾವುದು ಮೊದಲು ಎಂದೆಲ್ಲ ಹೇಳಿದ. ಮರುದಿನವೂ ಬಂದ, ಅದರ ಮರುದಿನವೂ. ಬಾವಿಗೆ ಬಿದ್ದ ಆಕಳು, ಮರದ ಮೇಲೆ ಸಿಕ್ಕಿಕೊಂಡ ಕುಡುಕ, ಎಲ್ಲ ಬಂದವು. ಗಿರಣಿ ಮಾತ್ರ ಬರಲಿಲ್ಲ. ನಾನು ಒಂದು ಚೀಲ ಜೋಳ ಮುಗಿಸಿ ಕಡಲೆ ತೆಗೆದುಕೊಂಡೆ. ಈ ಕೆಲಸದಲ್ಲಿ ಅವಸರ ಮಾಡಿದರೆ ನಡೆಯುವುದಿಲ್ಲ. ನನಗೆ ಬೇರೆ ಕೆಲಸವೂ ಇರಲಿಲ್ಲ.

ಒಂದು ಮಧ್ಯಾಹ್ನ, ಆಕಳ ಕಥೆಯ ನಡುವೆಯೇ ಅವನು ನಿಲ್ಲಿಸಿ, “ಮೌಲಾಸಾಬ ನನಗ ಬಾಲಾ ಅಂತಿದ್ದ,” ಎಂದ. ನಾನು ಕಡಲೆಯ ಮೇಲಿನ ಕಣ್ಣು ತೆಗೆಯಲಿಲ್ಲ.

ಮೌಲಾಸಾಬ ಪೈಪಿನ ಮೂತಿ ಹಿಡಿದು ಮುಂದೆ ಹೋಗುವವನು, ಗುರುಪಾದ ಹಿಂದೆ ಪೈಪು ಎತ್ತಿ ಕೊಡುವವನು; ಅದಕ್ಕೇ ಬಾಲ. ಗಿರಣಿಯೊಳಗೆ ಒತ್ತಿ ಕಟ್ಟಿದ ಹತ್ತಿಯ ಬೇಲುಗಳನ್ನು ಸೂರಿನವರೆಗೆ ಒಟ್ಟಿದ್ದರು. ಹತ್ತಿ ಹೊರಗೆ ಉರಿಯುವುದಿಲ್ಲ, ಬೆಂಕಿ ಒಳಗೇ ತಿನ್ನುತ್ತ ಹೋಗುತ್ತದೆ. ಸಾಲಿನ ನಡುವೆ ಇಬ್ಬರೂ ನುಗ್ಗಿದ ಮೇಲೆ ಮೇಲಿನ ಬೇಲುಗಳು ಜಾರಿ ಅವರಿಬ್ಬರ ನಡುವೆ ಬಿದ್ದವು. ಮೌಲಾಸಾಬ ಆ ಕಡೆ ಉಳಿದ, ಕಾಲು ಬೇಲಿನ ಕೆಳಗೆ. ಅವನ ಮುಖ ಕಾಣುತ್ತಿರಲಿಲ್ಲ, ದನಿ ಕೇಳುತ್ತಿತ್ತು. ಗುರುಪಾದ ಆ ದನಿಯನ್ನು ಇದ್ದ ಹಾಗೆಯೇ ಆಡಿ ತೋರಿಸಿದ.

“‘ಬಾಲಾ, ಅದೀಯೇನು?’ ಅಂದ. ‘ಅದೀನಿ’ ಅಂದೆ. ‘ನೀರು?’ ಅಂದ. ‘ಪೈಪು ಚಪ್ಪಟಿ ಆಗೇತಿ’ ಅಂದೆ. ‘ಹಂಗಾರ ನಡಿ’ ಅಂದ. ‘ನಡ್ಯಾಂಗಿಲ್ಲ’ ಅಂದೆ. ಬೇಲು ಜಗ್ಗಿದೆ, ನಾಕು ಮಂದಿ ಎತ್ತೂ ಬೇಲು, ನನ್ನ ಒಬ್ಬನ ಕೈಲೆ ಏನಾಗ್ತೈತಿ, ಜಗ್ಗಿದೆ. ‘ನಾ ಸೀನಿಯರ್ ಅದೀನಲೇ, ನಡಿ ಅಂದ್ರ ನಡಿ’ ಅಂತ ಬೈದ. ಕೆಮ್ಮಿದ. ಆಮ್ಯಾಲ ‘ಉಂಡಿದ್ದ ಅಂತ ಹೇಳು’ ಅಂದ. ಮತ್ತ ಏನೂ ಅನ್ನಲಿಲ್ಲ. ಹಿಂದಿಂದ ಯಾರೋ ನನ್ನ ಬೆಲ್ಟ್ ಹಿಡದು ಎಳಕೊಂಡು ಹೋದ್ರು.”

ಇಷ್ಟು ಹೇಳಿ ಎದ್ದು ಹೋದ. ಮೌಲಾಸಾಬನಿಗೆ ತಕ್ಷಣ ಜೀವ ಹೋಯಿತು, ಏನೂ ತಿಳಿಯಲಿಲ್ಲ ಎಂದು ಠಾಣೆಯ ಸಾಹೇಬರು ಊರಿಗೆಲ್ಲ ಹೇಳಿದ್ದರು. ನಾವೂ ಅದನ್ನೇ ನಂಬಿದ್ದೆವು.

ಎರಡು ದಿನ ಬಿಟ್ಟು ಅವನ ಎದುರಿಗೆ ಒಪ್ಪಿಸಿದೆ. ಬಾಲಾ ಅಂದದ್ದು, ಬೈದದ್ದು, ಕೆಮ್ಮಿದ್ದು, ಒಂದನ್ನೂ ಬಿಡಲಿಲ್ಲ. ಗುರುಪಾದ ಕಣ್ಣು ಮುಚ್ಚಿಕೊಂಡು ಕೇಳಿ, “ಹೌದು, ಹಿಂಗ,” ಎಂದ. ಕಾಶವ್ವ ಮನೆಗೆ ಓಡಿದಳು. ಮರುದಿನ ಬೆಳಿಗ್ಗೆ ಡಬ್ಬಿ ಹಿಡಿದು ಬಂದಾಗ ಅದರ ಮೇಲೆ ಸೆರಗಿರಲಿಲ್ಲ.

“ನೋಡು,” ಎಂದು ಡಬ್ಬಿಯನ್ನು ಅಲುಗಾಡಿಸಿದಳು. ಹಾಲು ಅಂಚಿನಿಂದ ತುಳುಕಿತು.

ನನ್ನ ಕೈಯಲ್ಲಿ ಹೀಗೆ ಎಂದೂ ಆಗಿರಲಿಲ್ಲ. ಪಾತ್ರೆ ಬದಲಿಸಿದೆವು, ಎಮ್ಮೆ ಬದಲಿಸಿದೆವು. ದ್ಯಾಮವ್ವ ಅಂಗಡಿಗೆ ಬೀಗ ಹಾಕಿ, ತನ್ನ ಸ್ವಂತ ಗಡಿಗೆಯ ಹೆಪ್ಪು ತಂದು ತನ್ನ ಕೈಯಿಂದಲೇ ಹಾಕಿ ಹೋದಳು. ಏನೂ ಆಗಲಿಲ್ಲ. “ಮುದುಕಿಗೆ ಮರವು ಬಂದೈತಿ, ಮಾತು ಬಿಟ್ಟು ಒಪ್ಪಿಸ್ಯಾಳ,” ಎಂದು ನೀರಿನ ನಲ್ಲಿಯ ಹತ್ತಿರ ಒಬ್ಬಳು ಅಂದದ್ದು ನನಗೂ ಕೇಳಿಸಿತು. ಇರಬಹುದು ಎಂದುಕೊಂಡೆ. ಮನೆಗೆ ಬಂದು ಅವನ ಮಾತುಗಳನ್ನೆಲ್ಲ ಬರೆದು, ಒಂದೊಂದರ ಮೇಲೂ ಬೆರಳಿಟ್ಟು ಓದಿದೆ. ಎಲ್ಲ ಇದ್ದವು. ‘ಉಂಡಿದ್ದ ಅಂತ ಹೇಳು’ ಎಂಬಲ್ಲಿ ಬೆರಳು ನಿಂತಿತು. ಬಾಯಿಂದ ಒಪ್ಪಿಸುವಾಗ ಆ ಮಾತು ಸಲೀಸಾಗಿ ದಾಟಿಹೋಗಿತ್ತು. ಬರೆದಾಗ ಅದರ ಹಿಂದೆ ಒಂದು ಖಾಲಿ ಜಾಗ ಕಂಡಿತು. ಹೇಳು ಅಂದರೆ ಯಾರಿಗೋ ಹೇಳಬೇಕಲ್ಲ.

ಅದನ್ನು ನಾನು ಕೇಳುವಂತಿರಲಿಲ್ಲ. ಕೇಳಬಾರದೆಂದು ನನಗೆ ಕಲಿಸಿದ್ದರು, ನಾನೂ ಎಷ್ಟೋ ಮಂದಿಗೆ ಅದನ್ನೇ ಕಲಿಸಿದ್ದೆ. ಒಂದು ರೊಟ್ಟಿ ತಿಂದು, ಚಪ್ಪಲಿ ಮೆಟ್ಟಿಕೊಂಡು ಅವರ ಮನೆಗೆ ಹೋದೆ.

ಗುರುಪಾದ ಊಟಕ್ಕೆ ಕುಳಿತಿದ್ದ. ಕಾಶವ್ವ ಹೇಳಿದ ಹಾಗೇ ಗೋಡೆಯ ಕಡೆ ಮುಖ. ಎಡಗೈಯನ್ನು ತಾಟಿನ ಸುತ್ತ ಬಳಸಿ, ಯಾರೋ ಕಸಿದುಕೊಳ್ಳುತ್ತಾರೆ ಎಂಬಂತೆ ಬಗ್ಗಿ ಉಣ್ಣುತ್ತಿದ್ದ. ನಾನು ಅವನ ಬೆನ್ನಿನ ಹಿಂದೆ ನೆಲದ ಮೇಲೆ ಕುಳಿತೆ.

“ಗುರುಪಾದಪ್ಪಾ, ಯಾರಿಗೆ ಹೇಳು ಅಂದ?”

ತುತ್ತು ಎತ್ತಿದ ಕೈ ಅಲ್ಲೇ ನಿಂತಿತು. ಒಲೆಯ ಮುಂದಿದ್ದ ಕಾಶವ್ವ ತಿರುಗಿದಳು.

“ಕೇಳಬಾರದು ಅಂತಾರಲ್ಲ ದೊಡ್ಡವ್ವಾ.”

“ಹೌದು. ಕೇಳೀನಿ. ಯಾರಿಗೆ?”

ತುತ್ತನ್ನು ತಾಟಿಗೆ ಇಳಿಸಿ ಗೋಡೆಗೆ ಹೇಳಿದ: “ಅವ್ರವ್ವಗ.”

ಮೌಲಾಸಾಬನ ತಾಯಿ ಫಕೀರಬಿ. ಬೇರೆ ಊರಿನಲ್ಲಿ ಮಗಳ ಮನೆಯಲ್ಲಿ ಇರುವ ಹೆಂಗಸು. ಮಗ ಸಿಕ್ಕಾಗಲೆಲ್ಲ ಅವಳು ಕೇಳುತ್ತಿದ್ದ ಮೊದಲ ಮಾತು ‘ಉಂಡಿಯೇನಪಾ?’; ಬಸ್ಸಿನ ಕಿಟಕಿಯಿಂದಲೂ ಕೇಳುತ್ತಿದ್ದಳು, ಠಾಣೆಯ ಫೋನಿಗೂ ಅದನ್ನೇ ಕೇಳುತ್ತಿದ್ದಳು. ಠಾಣೆಯಲ್ಲಿ ಎಲ್ಲರೂ ಅವಳ ದನಿಯಲ್ಲೇ ಮೌಲಾಸಾಬನನ್ನು ಕಾಡುತ್ತಿದ್ದರಂತೆ. ಆ ದಿನ ತಾಟಿಗೆ ಬಡಿಸಿದ ಮೇಲೆ ಗಂಟೆ ಹೊಡೆಯಿತು. ಮೌಲಾಸಾಬ ಮುರಿದ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು ಎದ್ದಿದ್ದ.

“ಅಂವ ಉಂಡಿದ್ದಿಲ್ಲ ದೊಡ್ಡವ್ವಾ. ಅವ್ವಗ ಉಂಡಿದ್ದ ಅಂತ ಹೇಳು ಅಂದ. ಹೊತ್ತು ಮುಳುಗೂ ಮುಂದ ಸ್ಟೇಷನ್ನಿಗೆ ಬಂದೆ. ಎರಡೂ ತಾಟು ಮುಚ್ಚಿಟ್ಟಿದ್ರು. ನಂದು ಉಂಡೆ.” ತಾಟನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ. “ಆಮ್ಯಾಲ ಅವಂದೂ ಉಂಡೆ. ಹೊಟ್ಟಿ ಕೇಳಲಿಲ್ಲ. ಅಂವ ಸತ್ತಾನಂತ ತಲಿಗೆ ಗೊತ್ತಿತ್ತು, ಹೊಟ್ಟಿಗೆ ಗೊತ್ತ ಇದ್ದಿಲ್ಲ. ಯಾರರ ನೋಡ್ಯಾರಂತ ಗ್ವಾಡಿ ಕಡೆ ಮಾರಿ ಮಾಡಿ ಉಂಡೆ.”

ಕಾಶವ್ವ ಒಲೆ ಸಣ್ಣ ಮಾಡಿದಳು. ಅವನು ಮುಂದುವರಿಸಿದ. ಮಗ ತೀರಿಕೊಂಡ ನಲವತ್ತನೆಯ ದಿನ ಫಕೀರಬಿ ಠಾಣೆಗೆ ಬಂದಿದ್ದಳು. ‘ಜೋಡಿ ಇದ್ದವ ನೀನ ಅಂತಲ್ಲಪಾ, ನನ್ನ ಮಗಾ ಏನರ ಅಂದನೇನು?’ ಎಂದು ಇವನ ಕೈ ಹಿಡಿದು ಕೇಳಿದಳು. ತಕ್ಷಣ ಜೀವ ಹೋಯಿತು ಎಂದ ಸಾಹೇಬರು ಪಕ್ಕದಲ್ಲೇ ನಿಂತಿದ್ದರು. ಇವನು, ‘ಕಾಗದಾ ಬರೀತೀನಿ ಅವ್ವಾ’ ಎಂದ.

“ಬರಿಯಾಕ ಎಷ್ಟ ಸಲ ಕುಂತೀನಿ. ಉಂಡಿದ್ದ ಅಂತ ಬರದ್ರ ಸುಳ್ಳು. ಉಂಡಿದ್ದಿಲ್ಲ ಅಂತ ಬರದ್ರ ಆ ಮುದುಕಿ ಇನ್ನ ತುತ್ತು ಎತ್ತೂದಿಲ್ಲ. ಹಂಗಾರ ಅವನ ರೊಟ್ಟಿ ಏನಾತು ಅಂದ್ರ ಏನ್ ಬರೀಲಿ? ಈಗ್ಲೂ ಮೊಹರಮ್ಮಿಗೆ ಸ್ಟೇಷನ್ ಹುಡುಗ್ರಿಗೆ ಅಂತ ಚೋಂಗೆ, ಆ ಸಿಹಿ ರೊಟ್ಟಿ, ಕಳಸ್ತಾಳ. ನಾ ಇದ್ದಷ್ಟು ದಿನ ಒಂದೂ ಮುಟ್ಟಿಲ್ಲ.”

ಕೇಳಿ ಇಟ್ಟುಕೊಳ್ಳುವುದಷ್ಟೇ ಇಷ್ಟು ವರ್ಷ ಮಾಡಿಕೊಂಡು ಬಂದ ಕೆಲಸ; ಈ ಕಥೆ ನಾನು ಇಟ್ಟುಕೊಳ್ಳುವುದಲ್ಲ ಎಂದು ಮಾತ್ರ ಗೊತ್ತಾಯಿತು. ನನಗಿಂತ ಮೊದಲು ಅದಕ್ಕೆ ವಾರಸುದಾರಳು ಇದ್ದಳು. ಮಾತಾಡಿದವಳು ಕಾಶವ್ವ. ಸೌಟು ಕೈಯಲ್ಲೇ ಇತ್ತು.

“ತಾಯಿಗೆ ಗೊತ್ತಾಗೂದಿಲ್ಲಂತ ತಿಳಕೊಂಡೀರೇನು? ನಮ್ಮ ಮಗಳು ಗಂಡನ ಮನೀಂದ ಫೋನ್ ಮಾ‍ಡಿ ಉಂಡೀನಬೇ ಅಂದ್ರ, ಉಂಡಾಳೋ ಇಲ್ಲೋ ಅಂತ ಆ ದನಿಯೊಳಗ ನನಗ ಗೊತ್ತಾಗ್ತೈತಿ. ಹಡದಾಕಿಗೆ ಮಗ ಸುಳ್ಳು ಹೇಳೂದು ಹೊಸಾದಲ್ಲ. ಕಡೀಕ ಸುಳ್ಳು ಹೇಳಾಕರ ನನ್ನ ನೆನಸಿದನಲ್ಲ ಅಂತಾಳ. ಎಲ್ಲಾ ಬರೀರಿ. ಅಂವ ಅಂದದ್ದೂ ಬರೀರಿ, ತಾಟಿನ ಸುದ್ದೀನೂ ಬರೀರಿ.”

“ನಾ ಉಂಡದ್ದೂ?”

“ಅದನ್ನೂ. ಅವನ ಪಾಲಿನ ರೊಟ್ಟಿ ನಾಯಿಗೆ ಹಾಕಲಿಲ್ಲ, ಜೋಡಿ ಇದ್ದವ ಉಂಡ ಅಂತ ಗೊತ್ತಾಗಲಿ ಆ ಹೆಣಮಗಳಿಗೆ.” ಮತ್ತೆ ದನಿ ಏರಿಸಿದಳು, “ಇಷ್ಟು ವರ್ಷ ನನಗರ ಹೇಳಬಾರದಾಗಿತ್ತೇನು? ನಾ ಏನ್ ನಿಮ್ಮ ತಾಟು ಕಸಗೋತಿದ್ನೇನು?”

ಗುರುಪಾದ ತಾಟು ಹಿಡಿದುಕೊಂಡೇ ಕುಳಿತಲ್ಲಿಂದ ನಮ್ಮ ಕಡೆ ತಿರುಗಿದ. ಮೀಸೆಗೆ ಸಾರು ಹತ್ತಿತ್ತು. ಅದು ಅವನಿಗೆ ತಿಳಿದಿರಲಿಲ್ಲ, ನಾವಿಬ್ಬರೂ ಹೇಳಲಿಲ್ಲ.

“ನೀನ ಬರದು ಕೊಡು ದೊಡ್ಡವ್ವಾ. ನಿನ್ನ ಅಕ್ಷರ ಛಲೋ ಅದಾವ.”

“ನಾ ಬರದ್ರ ಅದು ಅಲಮಾರಿ ಸೇರೂ ಕಾಗದ ಆಗ್ತೈತಿ. ಇದನ್ನ ನೀನ ಬರೀಬೇಕು.”

ಮರುದಿನ ಬೆಳಿಗ್ಗೆ ಜಕಾತಿ ಕಟ್ಟೆಯಲ್ಲಿ ನನ್ನ ಮೇಜಿನ ಆ ಬದಿಗೆ ಕುಳಿತು ಬರೆದ. ಮೊದಲು ಬರೆದದ್ದನ್ನು ತೋರಿಸಿದ: ‘ಸದರಿ ದಿನ ಮಧ್ಯಾಹ್ನ ಕರೆ ಬಂದ ಮೇರೆಗೆ ಸಿಬ್ಬಂದಿಯೊಂದಿಗೆ ಸ್ಥಳಕ್ಕೆ ತೆರಳಲಾಗಿ.’ “ಇದು ಸಾಹೇಬರಿಗೆ ಬರದಂಗೈತಲ್ಲೋ,” ಎಂದೆ. “ಆ ಮುದುಕಿ ಇದಕ್ಕೆ ಶಿಕ್ಕಾ ಎಲ್ಲಿ ಒತ್ತಬೇಕು? ಅವ್ವಾ ಅಂತ ಸುರು ಮಾಡು.” ಹರಿದು ಹಾಕಿ ಮತ್ತೆ ಕುಳಿತ. ನಾನು ಹಳೆಯ ಕಾಗದಗಳಿಗೆ ಅಂಟು ಹಚ್ಚುತ್ತ ಇದ್ದೆ. ಇನ್ನೆರಡು ಹಾಳೆ ಹಾಳಾದವು. ಬಿಸಿಲು ಬಾಗಿಲಿಂದ ಒಳಗೆ ಬರುವ ಹೊತ್ತಿಗೆ ಪೆನ್ನು ಕೆಳಗಿಟ್ಟ. ಓದಲೇ ಎಂದು ಕೇಳಿದ. ನನಗೆ ಬರೆದದ್ದಲ್ಲವಲ್ಲ ಎಂದೆ. ಆದರೂ ಮಡಿಚುವಾಗ ಮೊದಲ ಸಾಲು ಕಣ್ಣಿಗೆ ಬಿತ್ತು: ‘ಅವ್ವಾ, ನಾನು ಬಾಲ. ನೀನು ಕೇಳಿದ್ದಕ್ಕೆ ಉತ್ತರ ಬರೆಯುತ್ತಿದ್ದೇನೆ, ತಡವಾಯಿತು.’

ಕಾಶವ್ವನೂ ಬಂದಳು, ಮೂವರೂ ಅಂಚೆ ಕಚೇರಿಗೆ ಹೋದೆವು. ಮಧ್ಯಾಹ್ನದ ಬಸ್ಸು ಆಗಲೇ ಬಂದು ಮರದ ಕೆಳಗೆ ನಿಂತಿತ್ತು. ಪೋಸ್ಟ್ ಮಾಸ್ತರ ರಾಚಯ್ಯ ಟಪಾಲು ಚೀಲದ ಬಾಯಿಗೆ ಹಗ್ಗ ಸುತ್ತುತ್ತಿದ್ದವನು ನಮ್ಮನ್ನು ನೋಡಿ ನಿಲ್ಲಿಸಿದ.

“ಏನ್ರಿ ಗುರುಪಾದಪ್ನೋರ, ಹೆಂಡತಿ ದೊಡ್ಡವ್ವ ಎಲ್ಲಾರನೂ ಕರಕೊಂಡು ಒಂದು ಪಾಕೀಟು ಹಾಕಾಕ ಬಂದೀರಿ?”

“ಭಾರ ಐತ್ರಿ,” ಎಂದ ಗುರುಪಾದ.

ರಾಚಯ್ಯ ಪಾಕೀಟನ್ನು ತಕ್ಕಡಿಯಲ್ಲಿಟ್ಟು ತೂಗಿ, ಹಾಗೇನೂ ಇಲ್ಲವಲ್ಲ ಎಂಬಂತೆ ನೋಡಿ, ಒಂದು ಅಂಚೆಚೀಟಿ ಹಚ್ಚಿದ. ಆಮೇಲೆ ಅದನ್ನು ಹೊರಳಿಸಿ ಹಿಂಬದಿ ನೋಡಿದ.

“ಹಿಂದ ನಿಮ್ಮ ವಿಳಾಸ ಬರದಿಲ್ಲ.”

“ಬೇಕಾಗ್ತೈತೇನ್ರಿ?”

“ಬರೀದಿದ್ರೂ ಮುಟ್ಟತೈತಿ, ಅದಕ್ಕೇನಿಲ್ಲ. ಆದ್ರ ಓದಿದ ಮ್ಯಾಲ ಆ ಅವ್ವ ನಿಮಗ ಏನರ ಬರೀಬೇಕಂದ್ರ ಎಲ್ಲಿಗೆ ಬರೀಬೇಕು?”

ಗುರುಪಾದ ಪಾಕೀಟಿನ ಖಾಲಿ ಹಿಂಬದಿಯನ್ನು ನೋಡಿದ. ಮರೆತು ಬಿಟ್ಟದ್ದಲ್ಲ, ಉತ್ತರಕ್ಕೆ ಹೆದರಿ ಬಿಟ್ಟದ್ದೆಂದು ನನಗೆ ತಿಳಿಯಿತು, ಕಾಶವ್ವನಿಗೂ ತಿಳಿಯಿತು. ನಾನು ಅಭ್ಯಾಸದಂತೆ ಅವನ ಮುಖ ನೋಡದೆ ಕಿಟಕಿಯ ಆಚೆ ಬಸ್ಸನ್ನು ನೋಡಿದೆ. ಡ್ರೈವರ್ ಹತ್ತಿ ಕುಳಿತು ಹಾರ್ನ್ ಹೊಡೆದ. ರಾಚಯ್ಯ, “ಬಂದೆ ತಡಿಯೋ, ಕಿವಿ ಹರಿಬ್ಯಾಡ,” ಎಂದು ಒಳಗಿನಿಂದಲೇ ಕೂಗಿದ, ಪಾಕೀಟನ್ನು ಮಾತ್ರ ಮುಟ್ಟಲಿಲ್ಲ.

“ಪೆನ್ನು ಕೊಡ್ರಿ,” ಎಂದ ಗುರುಪಾದ.

ದಾರ ಕಟ್ಟಿದ ಪೆನ್ನು ಅವನವರೆಗೆ ಮುಟ್ಟಲಿಲ್ಲ. ಕಟ್ಟೆಯ ಮೇಲೆ ಅರ್ಧ ಮೈ ಬಾಗಿ, ತನ್ನ ಹೆಸರು ಬರೆದ, ಓಣಿ ಬರೆದ, ಊರಿನ ಹೆಸರನ್ನು ಎಲ್ಲಕ್ಕಿಂತ ದೊಡ್ಡದಾಗಿ ಬರೆದ. ರಾಚಯ್ಯ ಶಾಯಿ ಆರಲೆಂದು ಎರಡು ಸಲ ಊದಿ, ಠಪ್ಪೆಂದು ಮುದ್ರೆ ಹೊಡೆದು, ಪಾಕೀಟನ್ನು ಚೀಲಕ್ಕೆ ಹಾಕಿದ. ಬಾಯಿ ಕಟ್ಟಿ, ಹೆಗಲಿಗೆ ಏರಿಸಿಕೊಂಡು ಹೊರಗೆ ಹೋಗಿ ಡ್ರೈವರನ ಸೀಟಿನ ಹಿಂದೆ ಇಟ್ಟ. ಬಸ್ಸು ಹಿಂದಕ್ಕೆ ಬಂದು, ತಿರುಗಿ, ಫಕೀರಬಿಯ ಊರಿನ ದಾರಿ ಹಿಡಿಯಿತು.